1543: ಒಂದೇ ವರ್ಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1543ರ ಬಗ್ಗೆ ಮಾತು ಶುರು ಮಾಡಿದರೆ ಸಾಕು, ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಶಾಲೆಯಲ್ಲಿ ಮಕ್ಕಳು ಕೇಳುತ್ತಾರೆ, ಪತ್ರ ಬರೆದು ಮೇಷ್ಟ್ರು ಕೇಳುತ್ತಾರೆ, ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಅವನ್ನೆಲ್ಲ ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಬಿಗಿಯಾದವು ಆಮೇಲೆ.

ಮೊದಲ ಪರಿಚಯ

ಅಷ್ಟೊಂದು ವರ್ಷ ಇರುವಾಗ 1543ನ್ನೇ ಯಾಕೆ ಹಿಡಿದುಕೊಂಡಿದ್ದೀರಿ?

ಆ ವರ್ಷ ಯುರೋಪಿನ ಎರಡು ಊರುಗಳಲ್ಲಿ ಎರಡು ಪುಸ್ತಕ ಅಚ್ಚಾದವು. ನ್ಯೂರೆಂಬರ್ಗ್‌ನಲ್ಲಿ ಬಂದ ಪುಸ್ತಕ ಭೂಮಿಯನ್ನು ವಿಶ್ವದ ನಡುವಿನಿಂದ ಎಬ್ಬಿಸಿ ಸೂರ್ಯನ ಸುತ್ತ ಓಡಾಡಿಸಿತು. ಬಾಸೆಲ್‌ನಲ್ಲಿ ಬಂದ ಪುಸ್ತಕ ಮನುಷ್ಯನ ಮೈಯನ್ನು ಕೊಯ್ದು, ಒಳಗೆ ಏನಿದೆಯೋ ಅದನ್ನು ಹಾಗೇ ತೋರಿಸಿತು. ಅದೇ ವರ್ಷ ಜಪಾನಿನ ಒಂದು ಸಣ್ಣ ದ್ವೀಪಕ್ಕೆ ಬಂದೂಕು ಬಂತು. ಹೊರಗಿನ ಆಕಾಶ, ಒಳಗಿನ ಮೈ, ಕೈಯಲ್ಲಿನ ಆಯುಧ, ಮೂರೂ ಒಂದೇ ವರ್ಷದಲ್ಲಿ.

ನನಗೆ ಈ ವರ್ಷ ಇಷ್ಟವಾಗಲು ಇನ್ನೊಂದು ಕಾರಣ ಇದೆ. ಇಲ್ಲಿ ದೊಡ್ಡ ಹೆಸರುಗಳ ಹಿಂದೆ ಕೆಲಸ ಮಾಡಿದ ಕೈಗಳು ಕಣ್ಣಿಗೆ ಕಾಣುತ್ತವೆ. ಮರ ಕೆತ್ತಿದವರು, ಅಚ್ಚು ಜೋಡಿಸಿದವರು, ಕಬ್ಬಿಣ ಕಾಯಿಸಿದವರು. ಮುಂದಿನ ಉತ್ತರಗಳಲ್ಲಿ ಅವರೇ ಜಾಸ್ತಿ ಬರುತ್ತಾರೆ.

ನಮ್ಮ ಪಂಚಾಂಗದ ಪ್ರಕಾರ ಅದು ಯಾವ ಸಂವತ್ಸರ?

1543ರ ಯುಗಾದಿಗೆ ಶುರುವಾದದ್ದು ಶಾಲಿವಾಹನ ಶಕ 1465, ಶೋಭಕೃತ್ ಸಂವತ್ಸರ. 2023ರ ಯುಗಾದಿಗೂ ನಮಗೆ ಬಂದದ್ದು ಶೋಭಕೃತ್ ಸಂವತ್ಸರವೇ. ನಡುವೆ 480 ವರ್ಷ, ಅಂದರೆ ಅರವತ್ತರ ಸುತ್ತು ಸರಿಯಾಗಿ ಎಂಟು ಸಲ ಮುಗಿದಿದೆ.

ಆಗ ಎಲ್ಲೆಲ್ಲಿ ಯಾರು ಆಳುತ್ತಿದ್ದರು?

ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಸುಲೇಮಾನ್. ಸ್ಪೇನ್, ಜರ್ಮನಿಯ ಕಡೆ ಚಕ್ರವರ್ತಿ ಐದನೇ ಚಾರ್ಲ್ಸ್. ಫ್ರಾನ್ಸಿನಲ್ಲಿ ಮೊದಲನೇ ಫ್ರಾನ್ಸಿಸ್, ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ. ರೋಮಿನಲ್ಲಿ ಮೂರನೇ ಪಾಲ್ ಪೋಪ್ ಆಗಿದ್ದರು. ಚೀನಾದಲ್ಲಿ ಮಿಂಗ್ ವಂಶದ ಜಿಯಾಜಿಂಗ್. ದೆಹಲಿ, ಆಗ್ರಾ ಎಲ್ಲ ಶೇರ್ ಶಾ ಸೂರಿಯ ಕೈಯಲ್ಲಿತ್ತು. ಸೋತ ಹುಮಾಯೂನ್ ಆ ವರ್ಷವೇ ಸಿಂಧ್ ಬಿಟ್ಟು ಪರ್ಷಿಯಾದ ದಾರಿ ಹಿಡಿದ. ಜೊತೆಯಲ್ಲಿದ್ದ ಮಗನಿಗೆ ಆಗಿನ್ನೂ ವರ್ಷ ದಾಟಿತ್ತಷ್ಟೆ. ತಮ್ಮ ಅಸ್ಕರಿಯ ಸೈನ್ಯ ಬೆನ್ನಟ್ಟಿದಾಗ ಮಗುವನ್ನು ಹಿಂದೆ ಬಿಟ್ಟೇ ಓಡಬೇಕಾಯಿತು. ಆ ಮಗು ಅಕ್ಬರ್.

ಆ ವರ್ಷ ಹುಟ್ಟಿದವರು, ತೀರಿಕೊಂಡವರು ಯಾರ‍್ಯಾರು?

ಹುಟ್ಟಿದವರಲ್ಲಿ ನನ್ನ ಲೆಕ್ಕಕ್ಕೆ ದೊಡ್ಡ ಹೆಸರು ತೊಕುಗಾವಾ ಇಯೆಯಾಸು. ಜನವರಿ 31ರಂದು ಜಪಾನಿನ ಒಕಾಜಾಕಿ ಕೋಟೆಯಲ್ಲಿ ಹುಟ್ಟಿದ. ಅವನು ಕಟ್ಟಿದ ಆಡಳಿತ 1603ರಿಂದ ಎರಡೂವರೆ ಶತಮಾನಕ್ಕೂ ಜಾಸ್ತಿ ನಡೆಯಿತು.

ತೀರಿಕೊಂಡವರಲ್ಲಿ ದೊಡ್ಡ ಹೆಸರು ನ್ಯೂರೆಂಬರ್ಗ್ ಪುಸ್ತಕ ಬರೆದ ಕೋಪರ್ನಿಕಸ್, ಮೇ 24ಕ್ಕೆ. ಕ್ಯಾಲಿಫೋರ್ನಿಯಾ ಕರಾವಳಿಯನ್ನು ಹುಡುಕುತ್ತಾ ಹೊರಟಿದ್ದ ನಾವಿಕ ಕಾಬ್ರಿಯೊ ಜನವರಿ 3ಕ್ಕೆ ಅಲ್ಲಿನ ದ್ವೀಪವೊಂದರಲ್ಲೇ ಸತ್ತ. ಎಂಟನೇ ಹೆನ್ರಿಯ ದಪ್ಪ ಮುಖವನ್ನು ಇವತ್ತಿಗೂ ನಮ್ಮ ಕಣ್ಣಿನಲ್ಲಿ ಕೂರಿಸಿರುವ ಚಿತ್ರಕಾರ ಹಾನ್ಸ್ ಹೋಲ್ಬೈನ್ ಆ ಚಳಿಗಾಲದ ಮುಂಚೆ ಲಂಡನ್ನಿನಲ್ಲಿ ಕಣ್ಣು ಮುಚ್ಚಿದ. ನವೆಂಬರ್‌ನಲ್ಲಿ ಸುಲೇಮಾನನ ಪ್ರೀತಿಯ ಮಗ ಮೆಹಮದ್ ಎಳೆ ಪ್ರಾಯದಲ್ಲೇ ಹೋದ. ಅವನ ನೆನಪಿಗೆ ಮಸೀದಿ ಕಟ್ಟುವ ಕೆಲಸ ವಾಸ್ತುಶಿಲ್ಪಿ ಸಿನಾನನ ಪಾಲಿಗೆ ಬಂತು. ಇಸ್ತಾಂಬುಲ್‌ನ ಶೆಹಜಾದೆ ಮಸೀದಿ ಅದೇ. ಸಿನಾನನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಒಬ್ಬ ತಂದೆಯ ದುಃಖದಿಂದ ಹುಟ್ಟಿತು.

ಎರಡು ಪುಸ್ತಕ, ಒಂದು ಬಂದೂಕು

ಕೋಪರ್ನಿಕಸ್ ಸಾಯುವ ದಿನವೇ ಪುಸ್ತಕ ಅವನ ಕೈಗೆ ಬಂತಂತೆ. ನಿಜಾನಾ, ಕಥೆಯಾ?

ಕಥೆಯ ಹಾಗೆ ಕೇಳಿಸುತ್ತದೆ, ಆದರೆ ಆಧಾರ ಇದೆ. ಅವನ ಆಪ್ತ ಗೆಳೆಯ, ಬಿಷಪ್ ಟೀಡೆಮಾನ್ ಗೀಸೆ ಬರೆದ ಪತ್ರ ಉಳಿದಿದೆ. 1542ರ ಕೊನೆಗೆ ಕೋಪರ್ನಿಕಸ್‌ಗೆ ಪಾರ್ಶ್ವವಾಯು ಹೊಡೆದಿತ್ತು. ನೆನಪು, ಚುರುಕು ಎರಡೂ ಹೋಗಿದ್ದವು. ಪೂರ್ತಿ ಪುಸ್ತಕವನ್ನು ಅವನು ನೋಡಿದ್ದು ಕೊನೆಯ ಉಸಿರಿನ ಹೊತ್ತಿಗೆ, ಸತ್ತ ದಿನವೇ, ಎಂದು ಗೀಸೆ ಬರೆದಿದ್ದಾನೆ. ಗುರುತು ಹಿಡಿದನೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ನಾನು ಈ ಪತ್ರದ ಬಗ್ಗೆ ಹೇಳಿದಾಗಲೆಲ್ಲ ಕೇಳುವವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಚರ್ಚಿಗೆ ಹೆದರಿ ಮೂವತ್ತು ವರ್ಷ ಬಚ್ಚಿಟ್ಟಿದ್ದ, ಅಲ್ವಾ?

ಬಚ್ಚಿಟ್ಟಿರಲಿಲ್ಲ. 1514ರ ಹೊತ್ತಿಗೇ ತನ್ನ ವಿಚಾರವನ್ನು ಕೆಲವು ಪುಟದಲ್ಲಿ ಬರೆದು ಗೆಳೆಯರಿಗೆ ಹಂಚಿದ್ದ. ಅವನು ಸ್ವತಃ ಚರ್ಚಿನ ಆಡಳಿತದಲ್ಲಿದ್ದವನು. ಪೋಲೆಂಡಿನ ಫ್ರಾಂಬೊರ್ಕ್ ಕ್ಯಾಥೆಡ್ರಲ್‌ನಲ್ಲಿ ಅವನಿಗೆ ಕೆಲಸವಿತ್ತು. ಪುಸ್ತಕ ಅಚ್ಚು ಹಾಕಿಸು ಎಂದು ಬೆನ್ನು ಬಿದ್ದವರಲ್ಲಿ ಬಿಷಪ್ಪರೂ ಇದ್ದರು, ಕಾರ್ಡಿನಲ್ಲರೂ ಇದ್ದರು. ಕೊನೆಗೆ ಪುಸ್ತಕವನ್ನು ಅರ್ಪಿಸಿದ್ದು ಪೋಪ್ ಮೂರನೇ ಪಾಲ್ ಅವರಿಗೇ.

ಅವನಿಗಿದ್ದ ಭಯ ಬೇರೆ. ಜನ ನಗುತ್ತಾರೆ ಎಂಬ ಭಯ. ಅದನ್ನು ಆ ಅರ್ಪಣೆಯಲ್ಲೇ ಒಪ್ಪಿಕೊಂಡಿದ್ದಾನೆ. ಲೆಕ್ಕವೂ ಪೂರ್ತಿ ಕೂಡಿಬಂದಿರಲಿಲ್ಲ. ಗ್ರಹಗಳು ವೃತ್ತದಲ್ಲೇ ಸುತ್ತಬೇಕು ಎಂಬ ಹಳೆಯ ನಂಬಿಕೆ ಅವನಿಗೂ ಇತ್ತು. ಹಾಗಾಗಿ ಸಣ್ಣ ಸಣ್ಣ ವೃತ್ತಗಳನ್ನು ಸೇರಿಸುತ್ತಾ ಹೋಗಬೇಕಾಯಿತು.

1539ರಲ್ಲಿ ರೆಟಿಕಸ್ ಎಂಬ ಇಪ್ಪತ್ತೈದರ ಹುಡುಗ ಅವನನ್ನು ಹುಡುಕಿಕೊಂಡು ಬರದಿದ್ದರೆ ಹಸ್ತಪ್ರತಿ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತೇನೋ. ರೆಟಿಕಸ್ ಪ್ರಾಟೆಸ್ಟೆಂಟ್ ಪಂಥ ಹುಟ್ಟುಹಾಕಿದ ಲೂಥರನ ಊರಾದ ವಿಟೆನ್‌ಬರ್ಗ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದ ಪ್ರಾಟೆಸ್ಟೆಂಟ್. ಕೋಪರ್ನಿಕಸ್ ಕ್ಯಾಥೊಲಿಕ್. ಎರಡೂ ಪಂಥಗಳು ಬಡಿದಾಡುತ್ತಿದ್ದ ಕಾಲ ಅದು. ಆ ಹುಡುಗ ಬಂದು, ಎರಡು ವರ್ಷದಷ್ಟು ಹೊತ್ತು ಅವನ ಹತ್ತಿರ ಕಲಿತು, ಹಸ್ತಪ್ರತಿಯನ್ನು ಅಚ್ಚಿನ ಮನೆಗೆ ಮುಟ್ಟಿಸಿದ. ಆದರೂ ಕೋಪರ್ನಿಕಸ್ ಪೋಪರಿಗೆ ಬರೆದ ಅರ್ಪಣೆಯಲ್ಲಿ ರೆಟಿಕಸ್ ಹೆಸರು ಇಲ್ಲ. ಇದು ನನಗೆ ಇವತ್ತಿಗೂ ನೋವು ಕೊಡುವ ಸಂಗತಿ.

ಚರ್ಚಿನ ನಿಷೇಧ ಬಂದದ್ದು 1616ರಲ್ಲಿ, ಗೆಲಿಲಿಯೋ ಕಾಲಕ್ಕೆ. ಅಷ್ಟರಲ್ಲಿ ಪುಸ್ತಕಕ್ಕೆ 73 ವರ್ಷ ಆಗಿತ್ತು.

ವೆಸೇಲಿಯಸ್ ಅಂದ್ರೆ ಯಾರು? ಡಾಕ್ಟರುಗಳು ಮಾತ್ರ ಯಾಕೆ ಅವನ ಹೆಸರು ಹೇಳ್ತಾರೆ?

ಆಂಡ್ರಿಯಾಸ್ ವೆಸೇಲಿಯಸ್ ಬ್ರಸೆಲ್ಸ್‌ನವನು. 1514ರ ಕೊನೆಯ ದಿನ ಹುಟ್ಟಿದ. ಇಪ್ಪತ್ತಮೂರಕ್ಕೆಲ್ಲ ಇಟಲಿಯ ಪಡುವಾದಲ್ಲಿ ಶಸ್ತ್ರಚಿಕಿತ್ಸೆ, ಅಂಗರಚನೆ ಪಾಠ ಹೇಳುವ ಮೇಷ್ಟ್ರಾಗಿದ್ದ. 'ಫ್ಯಾಬ್ರಿಕಾ' ಎಂದು ಕರೆಯುವ ಅವನ ದೊಡ್ಡ ಪುಸ್ತಕ ಬಾಸೆಲ್‌ನಲ್ಲಿ ಬಂದಾಗ ವಯಸ್ಸು 28.

ಅವನಿಗಿಂತ ಮೊದಲು ಪಾಠ ಹೇಗೆ ನಡೆಯುತ್ತಿತ್ತು ಎಂದು ಕಲ್ಪಿಸಿಕೊಳ್ಳಿ. ಮೇಷ್ಟ್ರು ಎತ್ತರದ ಪೀಠದಲ್ಲಿ ಕೂತು ಗೇಲನ್ ಎಂಬ ಪ್ರಾಚೀನ ವೈದ್ಯನ ಪುಸ್ತಕ ಓದುತ್ತಾರೆ. ಕೆಳಗೆ ಕ್ಷೌರಿಕನೊಬ್ಬ ಹೆಣ ಕೊಯ್ಯುತ್ತಾನೆ. ಪುಸ್ತಕದಲ್ಲಿ ಇದ್ದದ್ದು ಹೆಣದಲ್ಲಿ ಕಾಣದಿದ್ದರೆ, ತಪ್ಪು ಹೆಣದ್ದು! ವೆಸೇಲಿಯಸ್ ಪೀಠದಿಂದ ಇಳಿದು ಚಾಕು ತಾನೇ ಹಿಡಿದ. ಆಗ ಗೊತ್ತಾಯಿತು, ಗೇಲನ್ ಕೊಯ್ದದ್ದು ಮಂಗ, ಹಂದಿ, ಎತ್ತುಗಳನ್ನು. ಮನುಷ್ಯನ ಕೆಳದವಡೆ ಎರಡು ಮೂಳೆ ಎಂದು ಗೇಲನ್ ಹೇಳಿದ್ದ. ಅದು ಒಂದೇ. ಎದೆಮೂಳೆಯಲ್ಲಿ ಏಳು ಭಾಗ ಎಂದಿದ್ದ. ಇರುವುದು ಮೂರು. ಮಿದುಳಿನ ಬುಡದಲ್ಲಿ ರಕ್ತನಾಳಗಳ ಅದ್ಭುತ ಜಾಲ ಇದೆ ಎಂದಿದ್ದ. ಅದು ದನ ಕುರಿಗಳಲ್ಲಿದೆ, ಮನುಷ್ಯನಲ್ಲಿ ಇಲ್ಲ. ಸುಮಾರು 1,300 ವರ್ಷ ಪಾಠಗಳಲ್ಲಿ ಗೇಲನ್ ಹೇಳಿದ್ದೇ ನಡೆದುಬಂದಿತ್ತು.

ಎಲ್ಲವನ್ನೂ ಅವನು ಸರಿಮಾಡಿದ ಎಂದಲ್ಲ. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ತಿಳಿಯಲು 1628ರ ತನಕ, ವಿಲಿಯಂ ಹಾರ್ವೆ ಬರುವ ತನಕ ಕಾಯಬೇಕಾಯಿತು.

ಆ ಪುಸ್ತಕದ ಚಿತ್ರಗಳನ್ನೂ ಅವನೇ ಬರೆದನಾ?

ಕೆಲವನ್ನು ಬರೆದಿರಬಹುದು. ಬಹುಪಾಲು ಚಿತ್ರಗಳು ವೆನಿಸ್ಸಿನಲ್ಲಿ, ಹೆಸರಾಂತ ಚಿತ್ರಕಾರ ಟಿಷಿಯನ್ನನ ಬಳಗಕ್ಕೆ ಸೇರಿದ ಕಲಾವಿದರ ಕೈಯಲ್ಲಿ ಆದವು ಎಂದು ಕಲೆಯ ಇತಿಹಾಸ ಬಲ್ಲವರು ಹೇಳುತ್ತಾರೆ. ಆದರೆ ಪುಸ್ತಕದಲ್ಲಿ ಕಲಾವಿದರ ಹೆಸರೇ ಇಲ್ಲ.

ಆ ಚಿತ್ರಗಳನ್ನು ಒಮ್ಮೆಯಾದರೂ ನೋಡಿ. ಚರ್ಮ ಸುಲಿದ ಮನುಷ್ಯ ಬೆಟ್ಟಗುಡ್ಡಗಳ ಮುಂದೆ ನಿಂತಿರುತ್ತಾನೆ. ಪುಟ ತಿರುಗಿಸಿದಂತೆ ಸ್ನಾಯುಗಳು ಒಂದೊಂದಾಗಿ ಇಳಿಬೀಳುತ್ತವೆ. ಒಂದು ಅಸ್ಥಿಪಂಜರ ಸಮಾಧಿಯ ಮೇಲೆ ಮೊಣಕೈ ಊರಿ, ಎದುರಿಗಿರುವ ತಲೆಬುರುಡೆಯ ಮೇಲೆ ಕೈಯಿಟ್ಟು ಯೋಚಿಸುತ್ತಾ ನಿಂತಿದೆ. ಇದನ್ನೆಲ್ಲ ಮರದ ಅಚ್ಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಕೆತ್ತಿದ್ದಾರೆ. ಆ ಅಚ್ಚುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಆಲ್ಪ್ಸ್ ಬೆಟ್ಟ ದಾಟಿಸಿ ಬಾಸೆಲ್‌ಗೆ ಕಳಿಸಿದರು. ಯಾವ ಚಿತ್ರ ಎಲ್ಲಿ ಬರಬೇಕು ಎಂದು ವೆಸೇಲಿಯಸ್ ಮುದ್ರಕನಿಗೆ ಪತ್ರ ಬರೆದ. ಆಮೇಲೆ ತಾನೂ ಹೋಗಿ ಕೆಲಸದ ಪಕ್ಕ ನಿಂತ.

ಜಪಾನಿಗೆ ಬಂದೂಕು ಕೊಟ್ಟದ್ದು ಪೋರ್ಚುಗೀಸರಂತೆ. ಅಷ್ಟು ದೂರ ಹೇಗೆ ಹೋದರು?

ಹೋಗಿದ್ದು ಚೀನೀ ಹಡಗಿನಲ್ಲಿ. ಗಾಳಿಗೆ ಸಿಕ್ಕಿ ಅದು ತಾನೆಗಾಶಿಮಾ ದ್ವೀಪಕ್ಕೆ ಬಂದು ನಿಂತಿತು. ಕೆಲವು ಇತಿಹಾಸಕಾರರು ಇದನ್ನು 1542 ಎನ್ನುತ್ತಾರೆ, ಜಪಾನಿನ ಬಖೈರು 1543 ಎನ್ನುತ್ತದೆ. ಆ ಬಖೈರಿನಲ್ಲಿ ಒಂದು ಚಂದದ ವಿವರ ಇದೆ. ಊರ ಮುಖಂಡನಿಗೆ ಬಂದವರ ಮಾತು ತಿಳಿಯಲಿಲ್ಲ. ಹಡಗಿನಲ್ಲಿದ್ದ ಚೀನೀ ವ್ಯಕ್ತಿಯೊಬ್ಬನ ಜೊತೆ ಮರಳ ಮೇಲೆ ಕೋಲಿನಿಂದ ಚೀನೀ ಅಕ್ಷರ ಬರೆದು ಬರೆದು ಮಾತಾಡಿದ. ಭಾಷೆ ಬೇರೆಯಾದರೂ ಲಿಪಿ ಇಬ್ಬರಿಗೂ ಗೊತ್ತಿತ್ತು.

ದ್ವೀಪದ ಒಡೆಯ ತೊಕಿತಾಕಾ ಹದಿಹರೆಯದವನು. ಎರಡು ಬಂದೂಕು ಕೊಂಡ. ಊರ ಕಮ್ಮಾರನಿಗೆ ಕೊಟ್ಟು ಇಂಥದ್ದೇ ಮಾಡು ಎಂದ. ಕತ್ತಿ ಮಾಡುವುದರಲ್ಲಿ ಪಳಗಿದ ಆ ಕಮ್ಮಾರನಿಗೆ ನಳಿಗೆ ಮಾಡುವುದು ಕಷ್ಟವಾಗಲಿಲ್ಲ. ನಳಿಗೆಯ ಹಿಂಬದಿಯನ್ನು ಭದ್ರವಾಗಿ ಮುಚ್ಚುವುದು ಮಾತ್ರ ಒಲಿಯಲಿಲ್ಲ. ಅಲ್ಲಿ ಬೇಕಿದ್ದದ್ದು ತಿರುಪು ಮೊಳೆ. ಜಪಾನಿನ ಕಮ್ಮಾರರಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಮರುವರ್ಷ ಮತ್ತೆ ಬಂದ ಹಡಗಿನಲ್ಲಿ ಒಬ್ಬ ಕಮ್ಮಾರ ಇದ್ದ, ಅವನಿಂದ ಕಲಿತರು. ಊರ ಕಮ್ಮಾರ ಈ ಗುಟ್ಟಿಗಾಗಿ ಮಗಳು ವಾಕಾಸಾಳನ್ನೇ ಪೋರ್ಚುಗೀಸನಿಗೆ ಮದುವೆ ಮಾಡಿಕೊಟ್ಟ ಎಂಬುದು ದ್ವೀಪದ ಐತಿಹ್ಯ.

ಆಮೇಲೆ ಬೆಂಕಿ ಹತ್ತಿದ ಹಾಗೆ ಹರಡಿತು. 1575ರಲ್ಲಿ ನಾಗಶಿನೊ ಯುದ್ಧದಲ್ಲಿ ಜಪಾನಿನ ಸೇನಾನಾಯಕ ಓಡಾ ನೊಬುನಾಗಾ ಬಂದೂಕಿನ ಪಡೆಯಿಂದ ಕುದುರೆ ದಂಡನ್ನು ಮುರಿದ. ಅವನ ಪಕ್ಕದಲ್ಲಿ ನಿಂತು ಹೋರಾಡಿದವನು ಇಯೆಯಾಸು, ಬಂದೂಕು ಬಂದ ವರ್ಷವೇ ಹುಟ್ಟಿದ ಮಗು.

ಸ್ವಲ್ಪ ಆಳಕ್ಕೆ

ಆ ಹೊತ್ತಿಗೆ ಕರ್ನಾಟಕದಲ್ಲಿ ಏನು ನಡೀತಿತ್ತು?

ವಿಜಯನಗರದಲ್ಲಿ ಅಚ್ಯುತರಾಯ 1542ರಲ್ಲಿ ತೀರಿಕೊಂಡ. ಪಟ್ಟಕ್ಕಾಗಿ ಮನೆಯೊಳಗೇ ರಕ್ತ ಹರಿಯಿತು. ಕೊನೆಗೆ ಸದಾಶಿವರಾಯನನ್ನು ಸಿಂಹಾಸನದಲ್ಲಿ ಕೂರಿಸಿ ಆಡಳಿತವನ್ನೆಲ್ಲ ಅಳಿಯ ರಾಮರಾಯ ಕೈಗೆ ತೆಗೆದುಕೊಂಡ. 1565ರ ರಕ್ಕಸಗಿ ತಂಗಡಗಿ ಯುದ್ಧಕ್ಕೆ ಹೋಗುವ ದಾರಿ ಅಲ್ಲಿಂದಲೇ ಶುರುವಾಗುತ್ತದೆ ಎಂದು ನನಗನ್ನಿಸುತ್ತದೆ.

ನಿಜವಾಗಿ 1543ರದ್ದೇ ಎನ್ನಬೇಕಾದ ಘಟನೆ ಬಿಜಾಪುರದ್ದು. ಬೆಳಗಾವಿಯ ಅಸದ್ ಖಾನ್ ಇಬ್ರಾಹಿಂ ಆದಿಲ್ ಶಾಹನ ದೊಡ್ಡ ಸರದಾರ. ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿಯ ಜೊತೆ ಅವನ ಹೆಸರಿದೆ. ಸುಲ್ತಾನನಿಗೂ ಅವನಿಗೂ ಮನಸ್ಸು ಕೆಟ್ಟಿತು. ಆದಿಲ್ ಶಾಹಿ ವಂಶದ ಇನ್ನೊಬ್ಬನನ್ನು ಪಟ್ಟಕ್ಕೆ ತರುವ ಹುನ್ನಾರ ಹುಟ್ಟಿತು. ಪೋರ್ಚುಗೀಸರು ಆ ಇನ್ನೊಬ್ಬನನ್ನು ಗೋವಾಕ್ಕೆ ಕರೆಸಿಕೊಂಡರು. ಅವನಿಗೆ ಬೆಂಬಲ ಕೊಡಬೇಡಿ ಎಂದು ಇಬ್ರಾಹಿಂ ಗೋವಾಕ್ಕೆ ತಾಗಿದ ಬಾರ್ದೇಶ್ ಮತ್ತು ಸಾಷ್ಟಿ ಸೀಮೆಗಳನ್ನೇ ಬಿಟ್ಟುಕೊಟ್ಟ. ಪೋರ್ಚುಗೀಸರು ಸೀಮೆಯನ್ನೂ ಇಟ್ಟುಕೊಂಡರು, ಆ ಮನುಷ್ಯನನ್ನೂ ಇಟ್ಟುಕೊಂಡರು. ಮುಂದೆ ಗೋವಾದಲ್ಲಿ ಮತದ ಕಿರುಕುಳ ಹೆಚ್ಚಿದಾಗ ಈ ಸೀಮೆಗಳಿಂದ ಹೊರಟ ಎಷ್ಟೋ ಕೊಂಕಣಿ ಮನೆತನಗಳು ನಮ್ಮ ಕರಾವಳಿಗೆ ಬಂದು ನೆಲೆಯಾದವು. ಕಾರವಾರ, ಕುಮಟಾ, ಮಂಗಳೂರು ಕಡೆಯ ಎಷ್ಟೋ ಮನೆಗಳ ಹಿರಿಯರ ಕಥೆ ಈ ಒಂದು ಕೊಡುಕೊಳ್ಳುವಿಕೆಗೆ ಹೋಗಿ ಮುಟ್ಟುತ್ತದೆ.

ನೀವು ಹೇಳುವ ಇತಿಹಾಸದಲ್ಲಿ ಹೆಂಗಸರೇ ಇಲ್ಲವಲ್ಲ?

ಇದನ್ನು ಒಬ್ಬ ಹೈಸ್ಕೂಲು ಹುಡುಗಿ ಕೇಳಿದ್ದಳು. ಸರಿಯಾಗಿಯೇ ಕೇಳಿದಳು.

ಸ್ಕಾಟ್ಲೆಂಡಿನ ಮೇರಿಗೆ ಸೆಪ್ಟೆಂಬರ್ 9ಕ್ಕೆ ಕಿರೀಟ ಇಟ್ಟಾಗ ಅವಳು ಒಂಬತ್ತು ತಿಂಗಳ ಕೂಸು. ಅಷ್ಟರಲ್ಲಿ ಹೆನ್ರಿಯ ಮಗನ ಜೊತೆ ಅವಳ ಮದುವೆಯ ಒಪ್ಪಂದವೂ ಆಗಿತ್ತು. ಡಿಸೆಂಬರ್‌ನಲ್ಲಿ ಸ್ಕಾಟರು ಅದನ್ನು ಮುರಿದರು, ಮುಂದೆ ಯುದ್ಧವಾಯಿತು. ಜುಲೈ 12ಕ್ಕೆ ಹೆನ್ರಿ ಆರನೇ ಮದುವೆ ಮಾಡಿಕೊಂಡ. ಹೆಂಡತಿ ಕ್ಯಾಥರಿನ್ ಪಾರ್ ಚೆನ್ನಾಗಿ ಓದಿದವಳು. ಎರಡು ವರ್ಷದ ನಂತರ ತನ್ನ ಹೆಸರಿನಲ್ಲೇ ಪುಸ್ತಕ ತಂದಳು. ವಿಚಿತ್ರ ನೋಡಿ, ಅವಳ ಮದುವೆಯ ವರ್ಷವೇ ಇಂಗ್ಲೆಂಡಿನ ಸಂಸತ್ತು ಒಂದು ಕಾಯಿದೆ ಮಾಡಿತು. ಸಾಮಾನ್ಯ ಮನೆಯ ಹೆಂಗಸರು, ಕೂಲಿಯವರು, ಆಳುಗಳು ಇಂಗ್ಲಿಷ್ ಬೈಬಲ್ ಓದುವ ಹಾಗಿಲ್ಲ ಎಂದಿತು.

ಆಫ್ರಿಕಾ, ಅಮೆರಿಕ ಕಡೆ ಏನೂ ಆಗಲಿಲ್ವಾ?

ಆಯಿತು. ಇಥಿಯೋಪಿಯಾದಲ್ಲಿ ಫೆಬ್ರವರಿ 21ಕ್ಕೆ ವೈನಾ ದಗಾ ಎಂಬಲ್ಲಿ ದೊಡ್ಡ ಯುದ್ಧ. ಹದಿನಾಲ್ಕು ವರ್ಷದಿಂದ ದೇಶವನ್ನು ಗೆಲ್ಲುತ್ತಾ ಬಂದಿದ್ದ ಇಮಾಮ್ ಅಹ್ಮದ್ ಸತ್ತ, ಚಕ್ರವರ್ತಿ ಗಲಾವ್ಡೆವೋಸ್ ಗೆದ್ದ. ಗಲಾವ್ಡೆವೋಸ್‌ನ ತಾಯಿ ಸಬ್ಲ ವಂಗೆಲ್ ಕೋಟೆಯಿಂದ ಇಳಿದು ಬಂದು, ನೆರವಿಗೆ ಬಂದಿದ್ದ ಪೋರ್ಚುಗೀಸ್ ಪಡೆಯ ಜೊತೆಯಲ್ಲೇ ನಡೆದಿದ್ದಳು. ಆ ಪಡೆಯ ನಾಯಕ ವಾಸ್ಕೋ ಡ ಗಾಮನ ಮಗ ಕ್ರಿಸ್ಟೋವಾಂವ್. ಹಿಂದಿನ ವರ್ಷವೇ ಅವನು ಸೆರೆಸಿಕ್ಕು ತಲೆ ಕಳೆದುಕೊಂಡಿದ್ದ.

ಅಮೆರಿಕದಲ್ಲಿ, ಚಿನ್ನ ಹುಡುಕುತ್ತಾ ಹೋದ ಸ್ಪೇನಿನ ಡಿ ಸೋಟೊ ದಂಡಿನಲ್ಲಿ ಬದುಕಿ ಉಳಿದ ಅರ್ಧದಷ್ಟು ಜನ ಮೆಕ್ಸಿಕೊಗೆ ಬಂದು ಮುಟ್ಟಿದರು. ಅವರು ಹಾದುಹೋದ ಊರುಗಳಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಇಡಲಿಲ್ಲ.

ಫ್ರಾನ್ಸ್ ರಾಜ ತುರ್ಕರ ಜೊತೆ ಸೇರಿದ್ದು ಹೌದಾ? ಆಗ ಧರ್ಮಯುದ್ಧದ ಕಾಲ ಅಲ್ವಾ?

ಹೌದು, ಸೇರಿದ. ಚಾರ್ಲ್ಸ್ ಇಬ್ಬರಿಗೂ ಶತ್ರು. ಆಗಸ್ಟ್‌ನಲ್ಲಿ ತುರ್ಕರ ನೌಕಾಪತಿ ಖೈರುದ್ದೀನ್ ಬಾರ್ಬರೋಸನ ಹಡಗುಗಳೂ ಫ್ರೆಂಚರ ಹಡಗುಗಳೂ ಒಟ್ಟಿಗೆ ನೀಸ್ ಪಟ್ಟಣಕ್ಕೆ ಮುತ್ತಿಗೆ ಹಾಕಿದವು. ಪಟ್ಟಣ ಬಿತ್ತು, ಮೇಲಿನ ಕೋಟೆ ಬೀಳಲಿಲ್ಲ. ಬಟ್ಟೆ ಒಗೆಯುವ ಕ್ಯಾಥರೀನ್ ಸೆಗುರಾನ್ ಎಂಬಾಕೆ ಬಟ್ಟೆ ಬಡಿಯುವ ಕೋಲಿನಿಂದಲೇ ಶತ್ರುವನ್ನು ಹೊಡೆದು ಬಾವುಟ ಕಿತ್ತುಕೊಂಡಳು ಎಂದು ಆ ಊರಿನವರು ಇವತ್ತಿಗೂ ಹೇಳುತ್ತಾರೆ. ನಮ್ಮ ಒನಕೆ ಓಬವ್ವ ನೆನಪಾಗುತ್ತಾಳೆ. ಚಳಿಗಾಲಕ್ಕೆ ತುರ್ಕರ ನೌಕಾಪಡೆಗೆ ಉಳಿಯಲು ಫ್ರಾನ್ಸಿಸ್ ತೂಲೋನ್ ಪಟ್ಟಣವನ್ನೇ ಖಾಲಿ ಮಾಡಿಸಿದ. ಅಲ್ಲಿನ ಕ್ಯಾಥೆಡ್ರಲ್ ಕೆಲವು ತಿಂಗಳು ಮಸೀದಿಯಾಗಿತ್ತು.

ಭೂಮಿ ತಿರುಗುತ್ತೆ ಅಂತ ನಮ್ಮ ಆರ್ಯಭಟ ಮೊದಲೇ ಹೇಳಿದ್ದನಲ್ಲ? ಕೋಪರ್ನಿಕಸ್‌ಗೆ ಯಾಕೆ ಹೆಸರು?

ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಆರ್ಯಭಟ 499ರಲ್ಲೇ ಹೇಳಿದ. ದೋಣಿಯಲ್ಲಿ ಹೋಗುವವನಿಗೆ ದಡದ ಮರಗಳು ಹಿಂದೆ ಹೋದಂತೆ ಕಾಣುತ್ತವಲ್ಲ, ನಕ್ಷತ್ರಗಳು ಪಡುವಣಕ್ಕೆ ಹೋಗುವುದೂ ಹಾಗೇ ಎಂದ. ಅದು ಅವನಿಗೆ ಸಲ್ಲಬೇಕಾದ ಗೌರವ. ಆದರೆ ಭೂಮಿ ಸೂರ್ಯನ ಸುತ್ತ ಓಡುತ್ತದೆ ಎಂದು ಅವನು ಹೇಳಲಿಲ್ಲ. ಕೇರಳದ ನೀಲಕಂಠ ಸೋಮಯಾಜಿ ಇನ್ನೂ ಹತ್ತಿರ ಬಂದ. ಐದು ಗ್ರಹಗಳು ಸೂರ್ಯನ ಸುತ್ತ, ಸೂರ್ಯ ಭೂಮಿಯ ಸುತ್ತ ಎಂಬ ಲೆಕ್ಕ ಅವನದು. ಅವನ ತಂತ್ರಸಂಗ್ರಹ ಕೋಪರ್ನಿಕಸ್ ಪುಸ್ತಕಕ್ಕಿಂತ ಸುಮಾರು ನಲವತ್ತು ವರ್ಷ ಹಿಂದಿನದು.

ಗ್ರೀಸಿನ ಅರಿಸ್ಟಾರ್ಕಸ್ ಸೂರ್ಯನನ್ನು ನಡುವಿಗೆ ತಂದದ್ದು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ. ಕೋಪರ್ನಿಕಸ್ ಬಳಸಿದ ಒಂದು ಗಣಿತದ ಜಾಣ್ಮೆ ಪರ್ಷಿಯಾದ ನಸೀರುದ್ದೀನ್ ತೂಸಿಯದ್ದಕ್ಕೆ ಹೊಂದುತ್ತದೆ. ಅವನು ಮಾಡಿದ ಹೊಸ ಕೆಲಸ ಯಾವುದೆಂದರೆ, ಆ ವಿಚಾರವನ್ನು ಹಿಡಿದು ಎಲ್ಲ ಗ್ರಹಗಳ ಲೆಕ್ಕವನ್ನೂ ಕಟ್ಟಿಕೊಟ್ಟದ್ದು. ಯಾರ ಹೆಸರನ್ನೂ ಅಳಿಸದೆ ಎಲ್ಲರನ್ನೂ ನೆನೆಯಬಹುದು. ಜಾಗ ಸಾಲದು ಎಂದೇನಿಲ್ಲ.

ಕೋಪರ್ನಿಕಸ್ ಪುಸ್ತಕದಲ್ಲಿ ಯಾರೋ ಸುಳ್ಳು ಮುನ್ನುಡಿ ಸೇರಿಸಿದರಂತೆ?

ಸೇರಿಸಿದವನು ನ್ಯೂರೆಂಬರ್ಗ್‌ನ ಪಾದ್ರಿ ಆಂಡ್ರಿಯಾಸ್ ಓಸಿಯಾಂಡರ್. ರೆಟಿಕಸ್ ಬೇರೆ ಊರಿಗೆ ಕೆಲಸಕ್ಕೆ ಹೋದಾಗ ಅಚ್ಚಿನ ಮೇಲ್ವಿಚಾರಣೆ ಇವನ ಪಾಲಿಗೆ ಬಂತು. ಇಲ್ಲಿರುವುದು ಬರೀ ಲೆಕ್ಕಕ್ಕೆ ಇಟ್ಟುಕೊಂಡ ಊಹೆ, ನಿಜವಾಗಬೇಕಿಲ್ಲ, ನಿಜದ ಹಾಗೆ ಕಾಣಬೇಕಿಲ್ಲ ಎಂದು ಬರೆದ. ಕೆಳಗೆ ತನ್ನ ಹೆಸರು ಹಾಕಲಿಲ್ಲ. ಓದಿದವರು ಕೋಪರ್ನಿಕಸ್ಸೇ ಬರೆದದ್ದು ಎಂದುಕೊಂಡರು. ಗೀಸೆಗೆ ಸಿಟ್ಟು ಬಂದು ಪುಟ ಬದಲಿಸಿ ಎಂದು ಹೋರಾಡಿದ, ನಡೆಯಲಿಲ್ಲ. 1609ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಬರೆದವನ ಹೆಸರನ್ನು ಅಚ್ಚಿನಲ್ಲೇ ಬಯಲಿಗಿಟ್ಟ.

ಆ ಮುನ್ನುಡಿ ಪುಸ್ತಕವನ್ನು ಕಾಪಾಡಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಹಾಸಿಗೆ ಹಿಡಿದವನ ಬಾಯಲ್ಲಿ ಅವನು ಹೇಳದ ಮಾತು ಇಟ್ಟದ್ದು ತಪ್ಪೇ.

ವೆಸೇಲಿಯಸ್ ಪುಸ್ತಕದ ಮುದ್ರಕ ಜೈಲಿಗೆ ಹೋಗಿದ್ದ ಅಂತ ಓದಿದೆ. ಯಾಕೆ?

ಕುರಾನ್ ಅಚ್ಚು ಹಾಕಿದ್ದಕ್ಕೆ. ಬಾಸೆಲ್‌ನ ಯೊಹಾನೆಸ್ ಒಪೊರಿನಸ್ ಹಳೆಯ ಲ್ಯಾಟಿನ್ ಅನುವಾದವೊಂದನ್ನು ಗುಟ್ಟಾಗಿ ಅಚ್ಚು ಮಾಡುತ್ತಿದ್ದ. 1542ರಲ್ಲಿ ನಗರಸಭೆಗೆ ತಿಳಿದು ಪ್ರತಿಗಳನ್ನು ಹಿಡಿದಿಟ್ಟರು, ಅವನನ್ನೂ ಒಳಗೆ ಹಾಕಿದರು. ಬಿಡಿಸಲು ಲೂಥರ್ ಪತ್ರ ಬರೆದ. 1543ರ ಮೊದಲಿಗೆ ಪುಸ್ತಕ ಹೊರಬಂತು. ಅದಾಗಿ ಕೆಲವೇ ತಿಂಗಳಿಗೆ ಅದೇ ಅಚ್ಚಿನ ಮನೆಯಿಂದ ಫ್ಯಾಬ್ರಿಕಾ.

ಲೂಥರ್ ಮಾಡಿದ್ದು ಇಸ್ಲಾಮಿನ ಮೇಲಿನ ಪ್ರೀತಿಯಿಂದ ಅಲ್ಲ, ಓದಿ ಖಂಡಿಸಲಿ ಎಂದು. ಅದೇ 1543ರಲ್ಲಿ ಅವನು ಯಹೂದಿಗಳ ಪ್ರಾರ್ಥನಾ ಮಂದಿರಗಳನ್ನು ಸುಡಿ ಎಂದು ಬರೆದ ಪುಸ್ತಕವೂ ಬಂತು. ನಾಲ್ಕು ಶತಮಾನದ ನಂತರ ನಾಜಿಗಳು ಅದನ್ನು ಎತ್ತಿ ಹಿಡಿದರು. ಅಚ್ಚಿನ ಯಂತ್ರಕ್ಕೆ ಎಲ್ಲ ಪುಟವೂ ಒಂದೇ.

ಆ ವರ್ಷದ್ದು ಏನಾದ್ರೂ ಈಗ ಕಣ್ಣಾರೆ ನೋಡಬಹುದಾ?

ನೋಡಬಹುದು. ಕೋಪರ್ನಿಕಸ್ ಕೈಬರಹದ ಪ್ರತಿ ಪೋಲೆಂಡಿನ ಕ್ರಾಕೋದಲ್ಲಿ, ಯಾಗೆಲೋನಿಯನ್ ಗ್ರಂಥಾಲಯದಲ್ಲಿದೆ. ಅವನ ಮೂಳೆಗಳು 2005ರಲ್ಲಿ ಫ್ರಾಂಬೊರ್ಕ್ ಕ್ಯಾಥೆಡ್ರಲ್ ನೆಲದಡಿ ಸಿಕ್ಕವು. ಅವನು ಬಳಸುತ್ತಿದ್ದ ಪುಸ್ತಕವೊಂದರಲ್ಲಿ ಉಳಿದಿದ್ದ ಕೂದಲಿನ ಡಿಎನ್‌ಎ ಜೊತೆ ಹೋಲಿಸಿ ನೋಡಿದರು. 2010ರಲ್ಲಿ ಗೌರವದಿಂದ ಮತ್ತೆ ಮಣ್ಣು ಮಾಡಿದರು. ಇಟಲಿಯ ಅಕ್ಕಸಾಲಿಗ ಚೆಲ್ಲಿನಿ 1543ರಲ್ಲಿ ಮುಗಿಸಿದ ಚಿನ್ನದ ಉಪ್ಪಿನ ಬಟ್ಟಲು ವಿಯೆನ್ನಾದಲ್ಲಿದೆ. 2003ರಲ್ಲಿ ಕಳುವಾಗಿ 2006ರಲ್ಲಿ ಸಿಕ್ಕಿತು. ಟಿಷಿಯನ್ ಆ ವರ್ಷ ಬರೆದ ಪೋಪ್ ಪಾಲ್ ಚಿತ್ರ ನೇಪಲ್ಸ್‌ನಲ್ಲಿದೆ. ಕೋಪರ್ನಿಕಸ್ ಪುಸ್ತಕ ಅರ್ಪಿಸಿದ ಮುದುಕ ಇವರೇ ಎಂದು ನೆನೆದುಕೊಂಡು ಆ ಕಣ್ಣುಗಳನ್ನು ನೋಡಿ.

ಬಾಸೆಲ್‌ನ ಅಂಗರಚನಾ ಸಂಗ್ರಹಾಲಯದಲ್ಲಿ ಒಂದು ಅಸ್ಥಿಪಂಜರ ಇದೆ. 1543ರ ಮೇ ತಿಂಗಳಲ್ಲಿ ಯಾಕೊಬ್ ಕಾರೆರ್ ಎಂಬ ಅಪರಾಧಿಯ ತಲೆ ಕಡಿದರು. ವೆಸೇಲಿಯಸ್ ಆ ದೇಹವನ್ನು ಜನರ ಮುಂದೆ ಕೊಯ್ದು ಪಾಠ ಹೇಳಿದ. ಆಮೇಲೆ ಮೂಳೆಗಳನ್ನು ಜೋಡಿಸಿ ಊರಿನ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಅದು ಈಗಲೂ ನಿಂತಿದೆ.

ಫ್ಯಾಬ್ರಿಕಾದ ಮರದ ಅಚ್ಚುಗಳನ್ನು ಮಾತ್ರ ಇನ್ನು ನೋಡಲಾಗುವುದಿಲ್ಲ. ನಾನೂರು ವರ್ಷ ಉಳಿದಿದ್ದವು. 1934ರಲ್ಲಿ ಅವುಗಳಿಂದ ಹೊಸದಾಗಿ ಚಿತ್ರ ಒತ್ತಿದಾಗಲೂ ಗೆರೆಗಳು ಚೂಪಾಗಿಯೇ ಇದ್ದವು. ಎರಡನೇ ಮಹಾಯುದ್ಧದ ಬಾಂಬು ಮ್ಯೂನಿಕ್ ಮೇಲೆ ಬಿದ್ದಾಗ ಅಲ್ಲಿ ಸುಟ್ಟುಹೋದವು.